ಗುರೆಳ್ಳಿನ ಸಾಲು ಹುಡುಕುತ್ತ ಹಿರೇಕೆರೂರಿಗೆ

ರಾಣೆಬೆನ್ನೂರು ಬಿಟ್ಟು ರಟ್ಟೀಹಳ್ಳಿಯ ದಾರಿ ಹಿಡಿದರೆ ಎರಡೂ ಬದಿಗೆ ಗೋವಿನಜೋಳ. ಆಶ್ವಯುಜದ ಬಿಸಿಲಿಗೆ ರವದಿ ಬಿಳಿಚಿ, ತೆನೆ ಬಾಗಿ, ಮುರಿಯುವ ಆಳುಗಳಿಗಾಗಿ ಕಾದು ನಿಂತ ಹೊಲಗಳು. ಅಲ್ಲಲ್ಲಿ ಹತ್ತಿ, ಬೋರಿನಲ್ಲಿ ನೀರು ಬಿದ್ದ ಕಡೆ ಎಳೆಯ ಅಡಿಕೆ ತೋಟ, ಅದು ಮುಗಿದರೆ ಮತ್ತೆ ಗೋವಿನಜೋಳ. ರಟ್ಟೀಹಳ್ಳಿಯಲ್ಲಿ ಕುಮುದ್ವತಿ ಎದುರಾಗುತ್ತದೆ. ಶಿವಮೊಗ್ಗ ಜಿಲ್ಲೆಯ ಹುಂಚದ ಕಡೆ ಹುಟ್ಟಿ, ಮಾಸೂರಿನ ಹತ್ತಿರ ಗುಡ್ಡಗಳ ನಡುವೆ ಮದಗದ ಕೆರೆಯಾಗಿ ನಿಂತು, ಮುಂದೆ ತುಂಗಭದ್ರೆಯನ್ನು ಸೇರುವ ಹೊಳೆ ಇದು. ದಂಡೆಯ ಮೇಲೆ ಕದಂಬೇಶ್ವರನ ಕಲ್ಲುಗುಡಿ. ಇಲ್ಲಿಂದ ಹಿರೇಕೆರೂರಿನ ಕಡೆ ಸಾಗಿದಂತೆ ಮಣ್ಣಿನ ಬಣ್ಣ ಬದಲಾಗುತ್ತದೆ, ಗುಡ್ಡಗಳು ಹತ್ತಿರವಾಗುತ್ತವೆ, ಗಾಳಿಯಲ್ಲಿ ತೇವ ಹೆಚ್ಚುತ್ತದೆ. ಬೆಳೆ ಮಾತ್ರ ಬದಲಾಗುವುದಿಲ್ಲ.

ಹಿರೇಕೆರೂರು ಮಲೆನಾಡಿನ ಸೆರಗು. ಒಂದು ಬದಿಗೆ ಶಿಕಾರಿಪುರ, ಸೊರಬದ ಕಾಡು, ಇನ್ನೊಂದು ಬದಿಗೆ ಬ್ಯಾಡಗಿ, ರಾಣೆಬೆನ್ನೂರಿನ ಬಯಲು. ಮಾಸೂರು, ಅಬಲೂರುಗಳ ಹೆಸರು ಸರ್ವಜ್ಞನೊಂದಿಗೆ ಬೆಸೆದುಕೊಂಡಿದೆ. ಕೆರೆಗಳ ನಾಡು. ಭತ್ತ, ಜೋಳ, ಹತ್ತಿ, ಮೆಣಸಿನಕಾಯಿ, ಶೇಂಗಾ, ಸೂರ್ಯಕಾಂತಿ, ಅಕ್ಕಡಿ ಕಾಳು ಎಲ್ಲವನ್ನೂ ಒಂದಿಷ್ಟು ಒಂದಿಷ್ಟು ಬೆಳೆದುಕೊಂಡು ಬಂದ ಸೀಮೆ. ಕಾಡೂ ಬಯಲೂ ಕೂಡುವ ಇಂಥ ಕಡೆ ಜೇನಿಗೆ ವರ್ಷವಿಡೀ ಒಂದಲ್ಲ ಒಂದು ಹೂವು ಸಿಗುತ್ತಿತ್ತು. ಬೇಸಿಗೆಗೆ ಹೊಂಗೆ, ಬೇವು, ನೇರಳೆ. ಮಳೆಗಾಲ ಹತ್ತಿರವಾದಾಗ ಹುಣಸೆ. ಮಳೆ ಹಿಂದೆಗೆದ ಮೇಲೆ ಹೊಲದ ಬೆಳೆ, ಬದುವಿನ ತುಂಬೆ.

ನಾನು ಈ ಸೀಮೆಯನ್ನೇ ಹುಡುಕಿಕೊಂಡು ಬರಲು ಕಾರಣವಿದೆ. ರಾಣೆಬೆನ್ನೂರು, ಹಾವೇರಿ, ಹಿರೇಕೆರೂರುಗಳ ಸುತ್ತಿನ ಹೊಲಗಳು ದೇಶಕ್ಕೆಲ್ಲ ಬೀಜ ಬೆಳೆದು ಕೊಡುತ್ತವೆ. ಹತ್ತಿ, ಟೊಮೆಟೊ, ಬೆಂಡಿ, ಮೆಣಸಿನಕಾಯಿಯ ಹೈಬ್ರಿಡ್ ಬೀಜ ಇಲ್ಲಿ ತಯಾರಾಗುತ್ತದೆ. ಹೂವಿನಿಂದ ಹೂವಿಗೆ ಪರಾಗ ದಾಟಿಸುವ ಕೆಲಸ ಬೇರೆ ಊರುಗಳಲ್ಲಿ ಯಾರ ಗಮನಕ್ಕೂ ಬಾರದೆ ನಡೆದುಹೋಗುತ್ತದೆ. ಇಲ್ಲಿ ಆ ಕೆಲಸಕ್ಕೆ ‘ಕ್ರಾಸಿಂಗ್’ ಎಂಬ ಹೆಸರಿದೆ, ಹೊತ್ತುಗೊತ್ತಿದೆ, ದಿನಗೂಲಿ ಇದೆ. ಜೇನು ಕಡಿಮೆಯಾದರೆ ಒಕ್ಕಲುತನಕ್ಕೆ ಏನಾಗುತ್ತದೆ ಎಂಬ ಪ್ರಶ್ನೆಯನ್ನು ಕೇಳಲು ಇದಕ್ಕಿಂತ ತಕ್ಕ ಜಾಗ ನನಗೆ ತೋಚಲಿಲ್ಲ.

ಬಂದದ್ದು ಸೀಗಿ ಹುಣ್ಣಿಮೆಯ ಹೊತ್ತಿಗೆ. ಈ ಭಾಗದ ರೈತರು ಭೂಮಿತಾಯಿಗೆ ಉಡಿ ತುಂಬುವ ಹಬ್ಬ. ಹೊಲದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಪಾಂಡವರೆಂದು ಪೂಜಿಸಿ, ಎಡೆ ಹಿಡಿದು, ಹೊಲದ ಸುತ್ತ ಚರಗ ಚೆಲ್ಲಿ ಬರುತ್ತಾರೆ. ಹಿಂದೆ ಎತ್ತಿನ ಗಾಡಿ ಕಟ್ಟಿಕೊಂಡು ಹೋಗುತ್ತಿದ್ದವರು ಈಗ ಟ್ರ್ಯಾಕ್ಟರ್ ಏರಿ ಹೋಗುತ್ತಾರೆ. ಪರಿಚಯದ ಮನೆಯವರು ನನ್ನನ್ನೂ ಕರೆದುಕೊಂಡು ಹೋದರು. ಪೂಜೆ ಮುಗಿದು ಬೇವಿನ ಗಿಡದ ನೆರಳಿಗೆ ಕಂಬಳಿ ಹಾಸಿ ಬುತ್ತಿ ಬಿಚ್ಚಿದರು. ಖಡಕ್ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಕಾಳುಪಲ್ಯ, ಕಡುಬು, ಕರ್ಚಿಕಾಯಿ, ಹೆಚ್ಚಿದ ಸೌತೆಕಾಯಿ, ಗಟ್ಟಿ ಮೊಸರು, ಮೊಸರಿನ ಪಕ್ಕಕ್ಕೆ ಕಪ್ಪಗೆ ಮಿಂಚುವ ಗುರೆಳ್ಳು ಚಟ್ನಿ. ಉತ್ತರ ಕರ್ನಾಟಕದ ಊಟದಲ್ಲಿ ಗುರೆಳ್ಳು ಇಲ್ಲದಿದ್ದರೆ ರೊಟ್ಟಿ ಒಂಟಿ ಅನಿಸುತ್ತದೆ. ಮೈಸೂರು ಕಡೆಯವರು ಇದನ್ನೇ ಹುಚ್ಚೆಳ್ಳು ಅನ್ನುತ್ತಾರೆ.

“ಗುರೆಳ್ಳು ಈ ಹೊಲದ್ದೇನ್ರಿ ಅಜ್ಜಿ?” ಎಂದು ಬಡಿಸುತ್ತಿದ್ದ ಹಿರಿಯಾಕೆಯನ್ನು ಕೇಳಿದೆ.

“ಎಲ್ಲಿ ಹೊಲದ್ದು ತಮ್ಮಾ, ಸಂತ್ಯಾಗ ತಂದದ್ದು. ಮೊದಲ ಈ ಬದುವಿಗುಂಟ ಸುತ್ತೂಕಡಿ ನಾಕ್ನಾಕು ಸಾಲು ಹಾಕತಿದ್ವಿ. ದನ ಅದಕ್ಕ ಬಾಯಿ ಹಾಕೂದಿಲ್ಲ ನೋಡು. ಬೇಲಿನೂ ಆಕ್ಕಿತ್ತು, ಕಾಳೂ ಆಕ್ಕಿತ್ತು. ಸೀಗಿ ಹುಣ್ಣಿಮಿ ಹೊತ್ತಿಗೆ ಸುತ್ತೂ ಹಳದಿ ಹೂ. ಜೇನಹುಳದ ಸಪ್ಪಳಕ್ಕ ಹುಡುಗ್ರು ಹತ್ರ ಹೋಗಾಕ ಅಂಜತಿದ್ರು.”

ಮಗ ನಡುವೆ ಬಾಯಿ ಹಾಕಿದ. “ಈಗ ಹೆಂಗ್ ಹಾಕೂದ್ರಿ ಸರ? ಅಂಚಿಗೆ ಸಾಲು ಬಿಟ್ರ ಟ್ರ್ಯಾಕ್ಟರ್ ತಿರುಗೂದಿಲ್ಲ. ಗೋವಿನಜೋಳಕ್ಕ ಕಸದ ಎಣ್ಣಿ ಹೊಡದ್ರ ಗುರೆಳ್ಳು ಬದುಕೂದಿಲ್ಲ.”

ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಗೋವಿನಜೋಳಕ್ಕೆ ಹಾಕುವ ಅಟ್ರಾಜಿನ್‌ನಂಥ ಕಳೆನಾಶಕ ಅಗಲ ಎಲೆಯ ಸಸಿಗಳನ್ನು ಸುಡುತ್ತದೆ. ಅದಕ್ಕೆ ತುಂಬೆಯೂ ಒಂದೇ, ಗುರೆಳ್ಳೂ ಒಂದೇ. ಹೊಲದೊಳಗೆ ಹೊಡೆದದ್ದು ಸಾಲದೆಂದು ಬದುವಿಗೂ ಗ್ಲೈಫೋಸೇಟ್ ಹೊಡೆದು ‘ಸ್ವಚ್ಛ’ ಮಾಡುವುದು ಈಗಿನ ರೂಢಿ. ನಾವು ಕುಳಿತ ಹೊಲದ ಬದು ಹಾಗೆಯೇ ಬೋಳಾಗಿತ್ತು. ಪಕ್ಕದ ಹೊಲದ ಮೂಲೆಯಲ್ಲಿ ಮಾತ್ರ ಯಾರೋ ಹಟಕ್ಕೆ ಬಿದ್ದವರಂತೆ ಎರಡು ಸಾಲು ಗುರೆಳ್ಳು ಉಳಿಸಿಕೊಂಡಿದ್ದರು. ಊಟ ಮುಗಿಸಿ ಅಲ್ಲಿಗೆ ಹೋಗಿ ನಿಂತೆ.

ಗುರೆಳ್ಳಿನ ಹೂ ನೋಡಲು ಸಣ್ಣ ಸೂರ್ಯಕಾಂತಿ. ಸುತ್ತ ಏಳೆಂಟು ಹಳದಿ ಎಸಳು, ನಡುವೆ ಒತ್ತೊತ್ತಾಗಿ ಕೂಡಿದ ಪುಟ್ಟ ಪುಟ್ಟ ಹೂಗಳು. ಒಂದು ತುಡುವೆ ಜೇನು ಬಂದು ಕುಳಿತಿತು. ನಡುವಿನ ಹೂಗಳ ಮೇಲೆ ಸುತ್ತು ಹಾಕುತ್ತ ಒಂದೊಂದರೊಳಗೂ ನಾಲಿಗೆ ಇಳಿಸಿ ತೆಗೆಯಿತು. ಹಿಂಗಾಲಿನ ಬುಟ್ಟಿಯಲ್ಲಿ ಕಿತ್ತಳೆ ಬಣ್ಣದ ಪರಾಗದ ಉಂಡೆ. ಎದೆಯ ರೋಮಕ್ಕೆಲ್ಲ ಹಳದಿ ಪುಡಿ. ಎದ್ದು ಹೋಗಿ ಕೂತದ್ದು ಬೇರೊಂದು ಗಿಡದ ಹೂವಿಗೆ. ಗುರೆಳ್ಳಿಗೆ ಬೇಕಾದದ್ದೂ ಅದೇ. ತನ್ನದೇ ಗಿಡದ ಪರಾಗ ಬಿದ್ದರೆ ಗುರೆಳ್ಳು ಕಾಳು ಕಟ್ಟುವುದು ತೀರ ಕಡಿಮೆ. ಬೇರೆ ಗಿಡದ ಪರಾಗ ಬರಬೇಕು, ಅದನ್ನು ತರುವ ಕೆಲಸ ಮುಖ್ಯವಾಗಿ ಜೇನಿನದು. ಜೇನು ಬಾರದ ಹೊಲದಲ್ಲಿ ಗಿಡ ಎದೆಯೆತ್ತರ ಬೆಳೆದು, ಮೈತುಂಬ ಹೂವಾಗಿ, ಒಕ್ಕಿದಾಗ ಜೊಳ್ಳು ಸಿಗುತ್ತದೆ. ಜೊಳ್ಳು ಕಂಡ ರೈತ ಮುಂದಿನ ವರ್ಷ ಗುರೆಳ್ಳು ಬಿತ್ತುವುದಿಲ್ಲ. ಗುರೆಳ್ಳು ಬಿತ್ತದ ಊರಿನಲ್ಲಿ ಮಳೆಗಾಲ ಮುಗಿದ ಮೇಲೆ ಜೇನಿಗೆ ಮೇವಿಲ್ಲ. ಹೀಗೆ ಒಂದರ ಕೊರತೆ ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ.

ಜೇನಿನ ಮಾತು ಬಂದಾಗಲೆಲ್ಲ, ಜೇನು ಅಳಿದರೆ ನಾಲ್ಕೇ ವರ್ಷಕ್ಕೆ ಮನುಷ್ಯಕುಲ ಅಳಿಯುತ್ತದೆ ಎಂದು ಐನ್‌ಸ್ಟೈನ್ ಹೇಳಿದ್ದರೆಂಬ ಮಾತನ್ನು ಯಾರಾದರೂ ಎತ್ತುತ್ತಾರೆ. ಅವರು ಹಾಗೆ ಹೇಳಿದ್ದಕ್ಕೆ ಆಧಾರವಿಲ್ಲ. ಆ ಮಾತು ನಿಜವೂ ಅಲ್ಲ. ಜೋಳ, ಗೋಧಿ, ಭತ್ತ, ಗೋವಿನಜೋಳ, ರಾಗಿಗಳಿಗೆ ಜೇನು ಬೇಕಿಲ್ಲ. ಗಾಳಿ ಸಾಕು, ಇಲ್ಲವೇ ಹೂವು ತನ್ನನ್ನು ತಾನೇ ನೋಡಿಕೊಳ್ಳುತ್ತದೆ. ಜೀವವೈವಿಧ್ಯಕ್ಕೆ ಸಂಬಂಧಿಸಿದ ಅಂತರರಾಷ್ಟ್ರೀಯ ವೇದಿಕೆ ಐಪಿಬಿಇಎಸ್ 2016ರಲ್ಲಿ ಹೊರತಂದ ವರದಿ ಈ ಲೆಕ್ಕವನ್ನು ಸ್ಪಷ್ಟವಾಗಿ ಇಟ್ಟಿದೆ. ಜಗತ್ತಿನ ಮುಖ್ಯ ಆಹಾರ ಬೆಳೆಗಳ ಪೈಕಿ ಶೇ 75ಕ್ಕೂ ಹೆಚ್ಚು ಬಗೆಯವು ಒಂದಿಷ್ಟಾದರೂ ಪರಾಗ ಸಾಗಿಸುವ ಜೀವಿಗಳನ್ನು ನಂಬಿವೆ. ಆದರೆ ಉತ್ಪಾದನೆಯ ತೂಕದ ಲೆಕ್ಕ ಹಿಡಿದರೆ ಅಂಥ ಬೆಳೆಗಳ ಪಾಲು ಶೇ 35. ಬೆಳೆಗಳ ಬಗೆಯಲ್ಲಿ ಮುಕ್ಕಾಲು, ತೂಕದಲ್ಲಿ ಮೂರನೇ ಒಂದು ಪಾಲು. ಈ ಎರಡು ಅಂಕಿಗಳ ನಡುವಿನ ಅಂತರವನ್ನು ನಾನು ಆ ಹೊಲದಲ್ಲಿ ತಟ್ಟೆಯ ಮೇಲೆಯೇ ಕಂಡೆ.

ರೊಟ್ಟಿಗೆ ಜೇನಿನ ಹಂಗಿಲ್ಲ. ಕಡುಬಿನ ಹಿಟ್ಟಿಗೂ ಇಲ್ಲ. ಗುರೆಳ್ಳು ಚಟ್ನಿಗೆ ಇದೆ. ಸೌತೆಯ ಬಳ್ಳಿಯಲ್ಲಿ ಗಂಡು ಹೂವೇ ಬೇರೆ, ಹೆಣ್ಣು ಹೂವೇ ಬೇರೆ. ಜೇನು ನಡುವೆ ಓಡಾಡದಿದ್ದರೆ ಮಿಡಿ ಹಳದಿಯಾಗಿ ಉದುರುತ್ತದೆ, ಉಳಿದದ್ದು ಸೊಟ್ಟಗಾಗುತ್ತದೆ. ಕುಂಬಳಕ್ಕೂ ಅದೇ ಪಾಡು. ಒಗ್ಗರಣೆಗೆ ಬಳಸಿದ ಸೂರ್ಯಕಾಂತಿ ಎಣ್ಣೆಗೆ ಜೇನು ಬೇಕು. ಜೇನು ಹೋದರೆ ಹೊಟ್ಟೆ ತುಂಬುವುದು ನಿಲ್ಲುವುದಿಲ್ಲ. ತಟ್ಟೆಯಲ್ಲಿ ರೊಟ್ಟಿ ಉಳಿಯುತ್ತದೆ, ರೊಟ್ಟಿಯ ಸುತ್ತಲಿನದೆಲ್ಲ ಒಂದೊಂದಾಗಿ ಕಡಿಮೆಯಾಗುತ್ತದೆ, ತುಟ್ಟಿಯಾಗುತ್ತದೆ. ಕಾಯಿಪಲ್ಯ, ಹಣ್ಣು, ಎಣ್ಣೆಕಾಳುಗಳಲ್ಲಿರುವ ಜೀವಸತ್ವ ದೊಡ್ಡವರಿಗಿಂತ ಮೊದಲು ಬೇಕಾಗುವುದು ಬಸುರಿ ಬಾಣಂತಿಯರಿಗೆ, ಬೆಳೆಯುವ ಮಕ್ಕಳಿಗೆ. ಉಳ್ಳವರು ಹೆಚ್ಚು ದುಡ್ಡು ಕೊಟ್ಟು ತಂದು ತಿನ್ನುತ್ತಾರೆ. ಬಡವರ ಮನೆಯಲ್ಲಿ ಬರೀ ರೊಟ್ಟಿ, ಬರೀ ಅನ್ನವಾಗುತ್ತದೆ. ಜೇನಿನ ಅಳಿವಿಗೆ ನಾನು ಅಂಜುವುದು ಈ ಕಾರಣಕ್ಕೆ.

ಎಣಗಾಯಿಯ ಕಥೆ ಇನ್ನೂ ಸೂಕ್ಷ್ಮ. ಆ ಮನೆಯ ಹಿತ್ತಲಲ್ಲಿ ಮುಳ್ಳುಬದನೆಯ ಏಳೆಂಟು ಗಿಡಗಳಿದ್ದವು. ಬದನೆಯ ಪರಾಗಕೋಶ ಸುಮ್ಮನೆ ಒಡೆದುಕೊಳ್ಳುವುದಿಲ್ಲ, ತುದಿಯಲ್ಲಿ ಸೂಜಿಮೊನೆಯಷ್ಟು ತೂತಿರುತ್ತದೆ. ಅಲುಗಾಡಿಸಿದರಷ್ಟೇ ಪರಾಗ ಉದುರುತ್ತದೆ. ಜೇನಿಗೆ ಆ ವಿದ್ಯೆ ಗೊತ್ತಿಲ್ಲ, ಗೊತ್ತಿರುವುದು ಕರಿ ದುಂಬಿಗೆ. ಬೆಳಗಿನ ಬಿಸಿಲಿಗೆ ಒಂದು ದುಂಬಿ ಬಂದು ನೇರಳೆ ಹೂವಿಗೆ ಜೋತುಬಿತ್ತು. ಹೂವನ್ನು ಕಾಲಿನಿಂದ ಅವುಚಿ ಹಿಡಿದು, ರೆಕ್ಕೆ ಬಿಚ್ಚದೆ, ಮೈಯನ್ನಷ್ಟೇ ಅದುರಿಸಿತು. ಹಾರುವಾಗಿನದಕ್ಕಿಂತ ಬೇರೆಯೇ ದನಿ, ಚಿಕ್ಕದು, ಚೂಪು. ಹೊಟ್ಟೆಯ ಮೇಲೆ ಪರಾಗ ಉದುರಿದ್ದು ಬರಿಗಣ್ಣಿಗೆ ಕಾಣಿಸಿತು. ಟೊಮೆಟೊಗೂ ಇಂಥ ಅದುರುವಿಕೆಯಿಂದ ಕಾಯಿ ಚೆನ್ನಾಗಿ ಕಚ್ಚುತ್ತದೆ. ದುಂಬಿ ಗೂಡು ಕೊರೆಯುವುದು ಒಣ ಮರದಲ್ಲಿ, ಹಳೆಯ ತೊಲೆಯಲ್ಲಿ, ಬಿದಿರಿನಲ್ಲಿ. ಹಂಚಿನ ಮನೆ ಹೋಗಿ ಆರ್‌ಸಿಸಿ ಬಂದ ಮೇಲೆ, ಬದುವಿನ ಒಣಮರ ಕಡಿದ ಮೇಲೆ, ಅದಕ್ಕೂ ನೆಲೆ ಕಡಿಮೆ. ಜೇನಿನ ಬಗ್ಗೆ ಯೋಚಿಸುವಾಗ ಪೆಟ್ಟಿಗೆಯೊಂದನ್ನೇ ಕಣ್ಣ ಮುಂದಿಟ್ಟುಕೊಂಡರೆ ಸಾಲದು. ಹೆಜ್ಜೇನು, ತುಡುವೆ, ಕೋಲುಜೇನು, ಕುಟುಕದ ಸಣ್ಣ ನಸರಿ, ಹಿಂಡು ಕಟ್ಟದೆ ಒಂಟಿಯಾಗಿ ಬದುಕುವ ದುಂಬಿಗಳು ಎಲ್ಲ ಸೇರಿ ನಮ್ಮ ಅಡುಗೆಮನೆಯನ್ನು ನಡೆಸುತ್ತವೆ.

ಹುಣ್ಣಿಮೆ ಕಳೆದ ಮೇಲೆ ಹತ್ತಿಯ ಕ್ರಾಸಿಂಗ್ ಹೊಲಕ್ಕೆ ಹೋದೆ. ಹೈಬ್ರಿಡ್ ಹತ್ತಿಗೂ ಈ ಸೀಮೆಗೂ ಹಳೆಯ ನಂಟು. ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಡಾ. ಬಿ. ಎಚ್. ಕಟರ್ಕಿಯವರು ಬೆಳೆಸಿದ ‘ವರಲಕ್ಷ್ಮಿ’ ತಳಿ 1972ರಲ್ಲಿ ಬಂತು. ಅದರ ನಂತರ 1981ರಲ್ಲಿ ‘ಜಯಲಕ್ಷ್ಮಿ’ ಎಂಬ ಡಿಸಿಎಚ್-32. ಎರಡು ಬೇರೆ ಜಾತಿಯ ಹತ್ತಿಗಳನ್ನು ಬೆರೆಸಿದ ಈ ತಳಿಗಳ ಬೀಜಕ್ಕೆ ಪ್ರತಿ ವರ್ಷವೂ ಹೂವಿನಿಂದ ಹೂವಿಗೆ ಕೈಯಿಂದಲೇ ಪರಾಗ ಮುಟ್ಟಿಸಬೇಕಿತ್ತು. ಬಿಟಿ ಹತ್ತಿ ಬಂದ ಮೇಲೂ ಕೈಗೆಲಸ ಅದೇ.

ಮಧ್ಯಾಹ್ನ ಇಳಿದ ಹೊತ್ತು. ಹೆಣ್ಣುಮಕ್ಕಳು ಸಾಲು ಹಿಡಿದು ಬರುತ್ತಿದ್ದರು. ನಾಳೆ ಅರಳಬೇಕಾದ ಮೊಗ್ಗು ಯಾವುದೆಂದು ಅವರ ಕಣ್ಣಿಗೆ ನೋಡುತ್ತಲೇ ಗೊತ್ತಾಗುತ್ತದೆ. ಹೆಬ್ಬೆರಳ ಉಗುರನ್ನು ಮೊಗ್ಗಿನ ಬುಡಕ್ಕೆ ಊರಿ, ಒಂದು ಸುತ್ತು ತಿರುಗಿಸಿ ಎಳೆದರೆ ಎಸಳೂ ಗಂಡು ಕೇಸರವೂ ಒಟ್ಟಿಗೆ ಕಳಚಿ ಬರುತ್ತವೆ. ಒಳಗಿನ ಬಿಳಿಯ ಕಡ್ಡಿ, ಅದರ ಕೆಳಗಿನ ಎಳೆಗಾಯಿ ಮಾತ್ರ ಉಳಿಯಬೇಕು. ಉಗುರು ಆಳಕ್ಕಿಳಿದರೆ ಕಾಯಿ ಹಾಳು, ಮೇಲಾದರೆ ಗಂಡು ಕೇಸರ ಉಳಿದು ಬೀಜ ಹಾಳು. ಸುಲಿದ ಮೊಗ್ಗಿಗೆ ಕೆಂಪು ಕಾಗದದ ಚೀಲ ತೊಡಿಸಿ ಮುಂದಕ್ಕೆ ಹೋಗುತ್ತಾರೆ. ಮರುದಿನ ಬೆಳಿಗ್ಗೆ ಇಬ್ಬನಿ ಆರಿದ ಮೇಲೆ ಗಂಡು ಸಾಲಿನ ಹೂ ಕಿತ್ತು ತಂದು, ಎಸಳನ್ನು ಹಿಂದಕ್ಕೆ ಮಡಚಿ, ಚೀಲ ತೆಗೆದ ಹೆಣ್ಣು ಹೂವಿಗೆ ಮೃದುವಾಗಿ ಸವರುತ್ತಾರೆ. ಒಂದು ಗಂಡು ಹೂ ನಾಲ್ಕೈದು ಹೆಣ್ಣು ಹೂವಿಗೆ ಸಾಕು. ಸಂಜೆ ಸುಲಿಯುವುದು, ಬೆಳಿಗ್ಗೆ ಮುಟ್ಟಿಸುವುದು. ಹೂ ಬಿಡುವಷ್ಟು ವಾರವೂ ಇದೇ ನಡೆಯಬೇಕು. ಹಬ್ಬ, ನೆಂಟರು, ನೆಗಡಿ ಯಾವುದಕ್ಕೂ ಬಿಡುವಿಲ್ಲ.

“ಬೆರಳು ಉರಿಯೂದಿಲ್ಲೇನ ತಂಗಿ?” ಎಂದೆ.

“ಮೊದಲ ಎಂಟು ದಿನ ಉರೀತಾವ್ರಿ ಅಣ್ಣಾರ. ಆಮೇಲೆ ಗೊತ್ತಾಗೂದಿಲ್ಲ,” ಎಂದಳು. ಹೆಬ್ಬೆರಳ ಉಗುರಿನ ಸಂದಿ ಹತ್ತಿಯ ರಸಕ್ಕೆ ಕಂದುಗಟ್ಟಿತ್ತು.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಜೇನು ಇಲ್ಲವೆಂದು ಈ ಹೊಲಗಳಲ್ಲಿ ಕೈಯಿಂದ ಪರಾಗ ಮುಟ್ಟಿಸುತ್ತಿಲ್ಲ. ಬೀಜದ ಹೊಲದಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಎಂಬ ಶುದ್ಧಿ ಕಾಯಬೇಕು, ಅದಕ್ಕಾಗಿ ಮನುಷ್ಯರ ಕೈ. ಕೆಂಪು ಚೀಲ ತೊಡಿಸುವುದೇ ಕಂಡವರ ಪರಾಗ ಹೊತ್ತು ಬರುವ ಹುಳುಗಳನ್ನು ದೂರ ಇಡಲು. ಆದರೂ ಆ ಸಾಲಿನಲ್ಲಿ ನಿಂತಾಗ ಜೇನು ದಿನವೂ ಮಾಡುವ ಕೆಲಸದ ಅಳತೆ ಕೈಗೆ ಸಿಕ್ಕಿತು. ಒಂದು ಹೂವಿಗೆ ಎರಡು ಸಲ ಬಗ್ಗಬೇಕು. ಸಂಜೆಯ ಹೊತ್ತಿಗೆ ಸೊಂಟ ಹಿಡಿಯುತ್ತದೆ. ಹೈಬ್ರಿಡ್ ಬೀಜಕ್ಕೆ ಬೆಲೆ ಇರುವುದರಿಂದ ಈ ಕೂಲಿಯನ್ನು ಬೀಜ ಹೊರುತ್ತದೆ. ಸೌತೆಕಾಯಿ, ಗುರೆಳ್ಳು, ಕುಂಬಳಕಾಯಿ ಈ ಕೂಲಿಯನ್ನು ಹೊರಲಾರವು.

ಜೇನು ಹೋದದ್ದಕ್ಕೇ ಮನುಷ್ಯರು ಮರ ಹತ್ತಿದ ಜಾಗವೂ ಉಂಟು. ಚೀನಾದ ಸಿಚುವಾನ್ ಪ್ರಾಂತ್ಯದ ಹಾನ್‌ಯುವಾನ್‌ನಲ್ಲಿ 1980ರ ದಶಕದಿಂದ ಪೇರ್ ಹಣ್ಣಿನ ತೋಟದವರು ಕೋಲಿಗೆ ಕೋಳಿಪುಕ್ಕ ಕಟ್ಟಿ, ಪರಾಗದಲ್ಲಿ ಅದ್ದಿ, ಕೊಂಬೆ ಕೊಂಬೆಗೆ ಮುಟ್ಟಿಸುತ್ತ ಬಂದಿದ್ದಾರೆ. ಮಿತಿಮೀರಿದ ಕೀಟನಾಶಕಕ್ಕೆ ಹೆದರಿ ಜೇನು ಸಾಕುವವರು ಅಲ್ಲಿಗೆ ಪೆಟ್ಟಿಗೆ ತರುವುದನ್ನೇ ಬಿಟ್ಟರು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಕೃಷಿ ವಿಶ್ವವಿದ್ಯಾಲಯಗಳು ಸೂರ್ಯಕಾಂತಿ ಬೆಳೆಯುವವರಿಗೆ ಕೊಡುವ ಸಲಹೆಯಲ್ಲೇ ಇದರ ಸುಳಿವಿದೆ: ಹೂ ಅರಳಿದಾಗ ಹೊಲದಲ್ಲಿ ಜೇನುಪೆಟ್ಟಿಗೆ ಇಡಿ, ಇಲ್ಲವಾದರೆ ಬೆಳಗಿನ ಹೊತ್ತು ಅಂಗೈಗೆ ತೆಳು ಬಟ್ಟೆ ಸುತ್ತಿಕೊಂಡು ತೆನೆಯಿಂದ ತೆನೆಗೆ ಸವರಿ. ಹಾಗೆ ಸವರುವವರು ಎಷ್ಟು ಮಂದಿ? ಕೂಲಿಯೇ ಸಿಗದ ಕಾಲ ಇದು. ಜೊಳ್ಳು ತೆನೆ, 1997ರಲ್ಲಿ ಬಾಗೇಪಲ್ಲಿಯ ಕಡೆ ಕಾಣಿಸಿಕೊಂಡು ಹರಡಿದ ನೆಕ್ರೋಸಿಸ್ ರೋಗ, ಏಳುಬೀಳಿನ ದರ ಎಲ್ಲ ಸೇರಿ ಸೂರ್ಯಕಾಂತಿ ನಮ್ಮ ಬಯಲಿನಿಂದ ಹಿಂದೆ ಸರಿಯಿತು. ಅದರ ಜಾಗಕ್ಕೂ ಗೋವಿನಜೋಳ ಬಂತು.

ಗೋವಿನಜೋಳವನ್ನು ದೂರುವುದು ನನ್ನ ಉದ್ದೇಶವಲ್ಲ. ಮಳೆ ಕೈಕೊಟ್ಟರೂ ಒಂದಿಷ್ಟು ಕೈಗೆ ಹತ್ತುವ, ಮಾರುಕಟ್ಟೆಯಲ್ಲಿ ನಿಲ್ಲುವ ಬೆಳೆ ಅದು. ರೈತ ಅದನ್ನು ನೆಚ್ಚಿದ್ದರಲ್ಲಿ ತಪ್ಪೇನಿದೆ? ತೊಂದರೆ ಇರುವುದು ಊರಿಗೆ ಊರೇ ಒಂದೇ ಬೆಳೆಯಾದದ್ದರಲ್ಲಿ. ಸೂಲಂಗಿ ಒಡೆದಾಗ ಬೆಳಗಿನ ಹೊತ್ತು ಜೇನುಗಳು ಪರಾಗಕ್ಕೆ ಬರುತ್ತವೆ. ಮಕರಂದ ಅದರಲ್ಲಿಲ್ಲ, ಪರಾಗವೂ ಸತ್ವದಲ್ಲಿ ಬಡ. ಜೇನಿಗೆ ಅದು ಕೆಲವೇ ದಿನದ ಜಾತ್ರೆ, ಜಾತ್ರೆ ಮುಗಿದ ಮೇಲೆ ಉಪವಾಸ. ತುಡುವೆ ಜೇನು ಗೂಡಿನಿಂದ ಹೆಚ್ಚಾಗಿ ಒಂದು ಕಿಲೋಮೀಟರ್ ಆಸುಪಾಸಿನಲ್ಲಿ ಮೇವು ಹುಡುಕುವ ಜೀವಿ. ಆ ಸುತ್ತಳತೆಯೊಳಗೆ ವರ್ಷದ ಹನ್ನೆರಡು ತಿಂಗಳೂ ಏನಾದರೊಂದು ಅರಳಿರಬೇಕು. ಬದು ಬೋಳಾದ ಊರಿನಲ್ಲಿ ಅದಕ್ಕೆ ದಾರಿಯಿಲ್ಲ.

ಅದರ ಮೇಲೆ 2018 ಬಂತು. ಅಮೆರಿಕ ಖಂಡದಿಂದ ಆಫ್ರಿಕಕ್ಕೆ ದಾಟಿದ್ದ ಫಾಲ್ ಸೈನಿಕ ಹುಳು ಏಷ್ಯಾದಲ್ಲಿ ಮೊದಲು ಪತ್ತೆಯಾದದ್ದು ಕರ್ನಾಟಕದಲ್ಲಿ. ಆ ವರ್ಷ ಮುಂಗಾರಿನ ಆರಂಭಕ್ಕೆ ಅದನ್ನು ಗುರುತಿಸಿದವರಲ್ಲಿ ಹಿರೇಕೆರೂರಿನ ನೆರೆಯ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮುಂದಿದ್ದರು. ರೈತರ ಬಾಯಲ್ಲಿ ಅದು ಲದ್ದಿಹುಳ. ಸುಳಿಯೊಳಗೆ ಕೂತು ಗೋವಿನಜೋಳ ತಿನ್ನುತ್ತದೆ. ಅಲ್ಲಿಯವರೆಗೆ ಗೋವಿನಜೋಳಕ್ಕೆ ಕೀಟನಾಶಕ ಹೊಡೆಯುವ ರೂಢಿ ಇಲ್ಲಿ ಅಷ್ಟಾಗಿ ಇರಲಿಲ್ಲ. ಈಗ ಎಮಾಮೆಕ್ಟಿನ್ ಬೆಂಜೋಯೇಟ್, ಸ್ಪೈನೆಟೊರಾಮ್‌ಗಳ ಹೆಸರು ಶಾಲೆ ಬಿಟ್ಟ ಹುಡುಗನ ಬಾಯಲ್ಲೂ ಇದೆ. ಎರಡೂ ನೇರ ತಾಗಿದರೆ ಜೇನಿಗೆ ಕಡುವಿಷ. ಬಿತ್ತುವ ಬೀಜಕ್ಕೂ ಥಯಾಮೆಥಾಕ್ಸಮ್‌ನಂಥ ಔಷಧದ ಲೇಪ. ನಿಯೋನಿಕೋಟಿನಾಯ್ಡ್ ಎಂಬ ಈ ಗುಂಪಿನ ವಿಷ ಗಿಡದ ಮೈಯೊಳಗೆಲ್ಲ ಹರಿದು ಪರಾಗ, ಮಕರಂದಕ್ಕೂ ಇಳಿಯುತ್ತದೆ. ಜೇನು ಕೂಡಲೇ ಸಾಯದಿದ್ದರೂ ಗೂಡಿನ ದಾರಿ ಮರೆಯುತ್ತದೆ. ಐರೋಪ್ಯ ಒಕ್ಕೂಟ 2018ರಲ್ಲೇ ಈ ಗುಂಪಿನ ಮೂರು ಮುಖ್ಯ ಔಷಧಗಳನ್ನು ಬಯಲಿನ ಬೆಳೆಗಳಿಗೆ ಬಳಸದಂತೆ ತಡೆಯಿತು. ನಮ್ಮ ಗೊಬ್ಬರದ ಅಂಗಡಿಗಳಲ್ಲಿ ಅವು ಕೇಳಿದಷ್ಟು ಸಿಗುತ್ತವೆ.

ಊರ ಕಟ್ಟೆಯಲ್ಲಿ ಜೇನಿನ ಮಾತೆತ್ತಿದರೆ ಮೊದಲು ಬರುವ ಉತ್ತರ “ಟವರ್ ಬಂದ ಮ್ಯಾಲೆ ಹೋದೂರಿ.” ಮೊಬೈಲ್ ಟವರಿನಿಂದಲೇ ಜೇನು ನಾಶವಾಯಿತೆಂದು ತೋರಿಸುವ ಗಟ್ಟಿ ಸಾಕ್ಷ್ಯ ಸಿಕ್ಕಿಲ್ಲ. ಮೇವಿನ ಕೊರತೆ, ವಿಷ, ರೋಗ ಈ ಮೂರಕ್ಕೆ ಸಾಕ್ಷ್ಯ ಬೇಕಾದಷ್ಟಿದೆ. ಟವರಿನ ಮೇಲೆ ಬೆರಳು ತೋರಿಸಿದರೆ ನಮ್ಮ ಕೈಯಲ್ಲಿರುವ ಪಂಪು ಮರೆಗೆ ಸರಿಯುತ್ತದೆ.

ರೋಗದ ಹೊಡೆತ ಹೇಗಿರುತ್ತದೆಂದು ಈ ಭಾಗದ ಹಳಬರಿಗೆ ಗೊತ್ತು. 1976ರಲ್ಲಿ ಥಾಯ್ಲೆಂಡಿನಲ್ಲಿ ಕಾಣಿಸಿಕೊಂಡ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಎರಡು ವರ್ಷಕ್ಕೆ ಭಾರತ ಮುಟ್ಟಿ, 1991–92ರ ಹೊತ್ತಿಗೆ ಕರ್ನಾಟಕಕ್ಕೆ ಇಳಿಯಿತು. ಮರಿಹುಳುಗಳು ಕಣದೊಳಗೇ ನೀರು ತುಂಬಿದ ಚೀಲದಂತಾಗಿ ಸಾಯುತ್ತವೆ. ಕೊಡಗು, ದಕ್ಷಿಣ ಕನ್ನಡ, ಶಿರಸಿ ಸೀಮೆಯಲ್ಲಿ ತುಡುವೆ ಸಾಕಿ ಬದುಕುತ್ತಿದ್ದವರ ಪೆಟ್ಟಿಗೆಗಳು ಸಾಲು ಸಾಲಾಗಿ ಖಾಲಿಯಾದವು. ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲು ಆ ಕೆಲವೇ ವರ್ಷಗಳಲ್ಲಿ ಅಳಿದವು. ಮಲೆನಾಡಿನ ಸೆರಗಿನ ಹಾನಗಲ್ಲು, ಹಿರೇಕೆರೂರಿನ ಕಾಡಂಚಿನಲ್ಲೂ ಮರದ ಪೊಟರೆ, ಹುತ್ತದ ಬಾಯಿ ಮೌನವಾದ ನೆನಪನ್ನು ಹಿರಿಯರು ಹೇಳುತ್ತಾರೆ. ತುಡುವೆ ಮತ್ತೆ ಚೇತರಿಸಿಕೊಂಡದ್ದು ರೋಗ ತಾಳಿಕೊಂಡ ಅಳಿದುಳಿದ ಗೂಡುಗಳಿಂದ. ಹೊಟ್ಟೆತುಂಬ ಮೇವು ಸಿಕ್ಕ ಗೂಡು ರೋಗವನ್ನು ತಾಳುತ್ತದೆ, ಹಸಿದ ಗೂಡು ತಾಳುವುದಿಲ್ಲ.

ಹಿರೇಕೆರೂರಿನಿಂದ ಮುಂದೆ ಹೋಗುವಾಗ ಊರೊಂದರ ನೀರಿನ ಟಾಕಿಯ ಅಡಿಗೆ ಹೆಜ್ಜೇನಿನ ಹುಟ್ಟುಗಳು ಜೋತುಬಿದ್ದಿದ್ದವು. ಬಯಲಿನಲ್ಲೂ ಮಲೆನಾಡಿನಲ್ಲೂ ಹೂವಿನ ಸುಗ್ಗಿ ಎಲ್ಲಿದೆಯೋ ಅತ್ತ ಗುಳೆ ಹೋಗುವ ಜೇನು ಇದು. ಎತ್ತರದ ಆಲ, ಬೂರುಗ, ಹುಣಸೆ ಇದರ ತಂಗುದಾಣ. ರಸ್ತೆ ಅಗಲ ಮಾಡುವಾಗ ಸಾಲುಮರ ಹೋದವು, ಹೆಜ್ಜೇನು ಟಾಕಿಗೆ, ಶಾಲೆಯ ಛಜ್ಜಾಕ್ಕೆ, ಬ್ಯಾಂಕಿನ ಕಟ್ಟಡಕ್ಕೆ ಬಂತು. ಬಂದದ್ದೇ ತಡ, ಜನ ಹೆದರಿ ಬೆಂಕಿ ಹಚ್ಚಿಸುತ್ತಾರೆ ಅಥವಾ ವಿಷ ಹೊಡೆಸುತ್ತಾರೆ. ಹೆಜ್ಜೇನು ಬೆಳದಿಂಗಳ ರಾತ್ರಿಗಳಲ್ಲೂ ಮೇವಿಗೆ ಹೋಗುತ್ತದೆ. ಸಾಕಿದ ಜೇನು ಮಲಗಿದ ಹೊತ್ತಿನಲ್ಲೂ ಹೂವಿನಿಂದ ಹೂವಿಗೆ ಪರಾಗ ದಾಟಿಸುವ ಈ ಜೀವವನ್ನು ಯಾರೂ ಪೆಟ್ಟಿಗೆಯಲ್ಲಿಟ್ಟು ಸಾಕಲಾರರು. ಅದರ ಪಾಡಿಗೆ ಬಿಡುವುದೊಂದೇ ನಾವು ಮಾಡಬಹುದಾದ ಉಪಕಾರ. ಜೇನು ಕೀಳುವವರೂ ತುಪ್ಪ ತುಂಬಿದ ತಲೆಯ ಭಾಗವನ್ನಷ್ಟೇ ಕೊಯ್ದು, ಮರಿಯಿರುವ ಭಾಗವನ್ನು ಬಿಟ್ಟರೆ ಹುಟ್ಟು ಬದುಕುತ್ತದೆ. ದೊಂದಿ ಹಿಡಿದು ಸುಟ್ಟರೆ ಒಂದು ಊರಿನ ಪರಾಗದ ಆಳುಗಳೆಲ್ಲ ಒಂದೇ ರಾತ್ರಿಗೆ ಹೋದಂತೆ.

ಹಾನಗಲ್ಲಿನ ಕಡೆ ಮಾವಿನ ತೋಟಗಳಿವೆ. ಅಲ್ಲಿ ಒಬ್ಬ ಹರೆಯದ ರೈತ ಹಲಸಿನ ಮರದಡಿ ತುಡುವೆಯ ಪೆಟ್ಟಿಗೆಗಳನ್ನಿಟ್ಟಿದ್ದ. ಪೆಟ್ಟಿಗೆಯ ಕಾಲುಗಳನ್ನು ಇರುವೆ ಹತ್ತದಂತೆ ನೀರಿನ ಬಟ್ಟಲಲ್ಲಿ ನಿಲ್ಲಿಸಿದ್ದ. ಜೇನುತುಪ್ಪಕ್ಕಿಂತ ತೋಟದ ಕಾಯಿಗೆ ಅನುಕೂಲವಾಗಲೆಂದು ಆರಂಭಿಸಿದೆ ಎಂದ. ನನಗೆ ಹಿಡಿಸಿದ್ದು ಅವನು ಮಾಡಿಕೊಂಡ ಒಪ್ಪಂದ. ಸುತ್ತಲಿನ ಹೊಲದವರು ಎಣ್ಣೆ ಹೊಡೆಯುವ ಹಿಂದಿನ ಸಂಜೆ ಅವನಿಗೆ ಫೋನ್ ಮಾಡುತ್ತಾರೆ. ಅವನು ರಾತ್ರಿ ಹುಳುಗಳೆಲ್ಲ ಒಳಬಂದ ಮೇಲೆ ಪೆಟ್ಟಿಗೆಯ ಬಾಗಿಲಿಗೆ ಜಾಲರಿ ಇಟ್ಟು, ಮರುದಿನ ಕೆಲಹೊತ್ತು ತಡೆದು ಬಿಡುತ್ತಾನೆ. “ಜಗಳಾಡಿದ್ರ ಯಾರೂ ಕೇಳತಿರಲಿಲ್ರಿ ಸರ. ವರ್ಷಕ್ಕೊಮ್ಮೆ ಒಂದೊಂದು ಬಾಟ್ಲಿ ತುಪ್ಪ ಕೊಡ್ತೀನಿ, ಎಲ್ಲಾರೂ ಫೋನ್ ಮಾಡ್ತಾರ,” ಎಂದ. ದೆಹಲಿಯಲ್ಲಿ 2020ರಲ್ಲಿ ರಾಷ್ಟ್ರೀಯ ಜೇನು ಸಾಕಾಣಿಕೆ ಮತ್ತು ಜೇನುತುಪ್ಪ ಮಿಷನ್ ಆರಂಭವಾಗಿದೆ. ಪೆಟ್ಟಿಗೆಗೆ ತೋಟಗಾರಿಕೆ ಇಲಾಖೆಯ ಸಹಾಯಧನವಿದೆ. ಇದೇ ಸೀಮೆಯ ಹನುಮನಮಟ್ಟಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಇವೆಲ್ಲ ಬೇಕು. ಇವುಗಳ ಜೊತೆಗೆ ಪಕ್ಕದ ಹೊಲದವರ ಆ ಒಂದು ಫೋನು ಇರದಿದ್ದರೆ ಸಹಾಯಧನದ ಪೆಟ್ಟಿಗೆ ಮರದ ಡಬ್ಬಿಯಾಗಿ ಉಳಿಯುತ್ತದೆ.

ಆದ್ದರಿಂದ ಈ ಸೀಮೆಯ ರೈತಬಂಧುಗಳಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಲದ್ದಿಹುಳ ಮೇಯುವುದು ಹೆಚ್ಚಾಗಿ ರಾತ್ರಿ, ಜೇನು ಮೇಯುವುದು ಹಗಲು. ಔಷಧ ಹೊಡೆಯಲೇಬೇಕಾದಾಗ ಹೊತ್ತಿಳಿದ ಮೇಲೆ, ಸುಳಿಗೆ ಬೀಳುವಂತೆ ಹೊಡೆಯಿರಿ. ಹುಳವೂ ಸಿಗುತ್ತದೆ, ಜೇನೂ ಉಳಿಯುತ್ತದೆ. ಬೆಳೆ ಹೂವಿನಲ್ಲಿರುವಾಗ ಹೊಡೆಯಬೇಡಿ. ಅಂಗಡಿಯವರು ಕೊಟ್ಟ ಬಾಟಲಿ ಜೇನಿಗೆ ಎಷ್ಟು ವಿಷ ಎಂದು ಕೇಳಿ ತಿಳಿಯಿರಿ. ಬದುವಿಗೆ ಕಳೆನಾಶಕ ಬೇಡ, ತುಂಬೆ ಅಲ್ಲಿ ಅರಳಲಿ. ಕಸದ ಎಣ್ಣೆ ಹೊಡೆಯದ ಒಂದು ಬದಿಗಾದರೂ ಎರಡು ಸಾಲು ಗುರೆಳ್ಳು ಬಿತ್ತಿ. ಪಂಚಾಯಿತಿಯವರು ಟಾಕಿಯ ಹೆಜ್ಜೇನಿಗೆ ಬೆಂಕಿ ಇಡಿಸುವ ಮುನ್ನ ಒಂದು ಗಳಿಗೆ ಯೋಚಿಸಲಿ, ರಸ್ತೆ ಮಾಡುವವರು ಕಡಿದ ಹುಣಸೆ, ಬೇವು, ಹೊಂಗೆಯ ಜಾಗಕ್ಕೆ ಅದೇ ಮರಗಳನ್ನು ನೆಡಲಿ. ಪೇಟೆಯಲ್ಲಿರುವ ನಾವು ಸಂತೆಯಲ್ಲಿ ಗುರೆಳ್ಳಿಗೆ ನ್ಯಾಯವಾದ ಬೆಲೆ ಕೊಡೋಣ. ಕೊಳ್ಳುವವರಿದ್ದರೆ ಬಿತ್ತುವವರು ಇರುತ್ತಾರೆ, ಬಿತ್ತುವವರಿದ್ದರೆ ಜೇನಿಗೆ ಮೇವು ಇರುತ್ತದೆ. ಗುರೆಳ್ಳನ್ನು ಮುಂಗಾರಿನಲ್ಲಿ ಬಿತ್ತಬೇಕು. ಬರುವ ಮುಂಗಾರಿಗೆ ಗೋವಿನಜೋಳದ ಬೀಜ ತರಲು ಹೋದಾಗ ಒಂದು ಸೇರು ಗುರೆಳ್ಳನ್ನೂ ತನ್ನಿ.